ಎಗೊರೊವ್ನಾ ಮರೆತ ಒಂದು ಮನೆ

ಜಿಲ್ಲೆಯ ಸಂಸ್ಕೃತಿ ಕಚೇರಿಯಿಂದ ನನಗೊಂದು ಕಾಗದ ಬಂದಿದೆ. ನಮ್ಮೂರು ಪೊದ್ಗೋರ್ಯದ ಗ್ರಂಥಾಲಯದ ಗೋಡೆಗೆ 'ತೊಮಿಲೋವ್ ಹೆಸರಿನ ಗಣ್ಯರು' ಎಂಬ ಫಲಕ ತೂಗುಹಾಕುತ್ತಾರಂತೆ. ನಿವೃತ್ತ ಶಿಕ್ಷಕಿ ನಾನು, ಒಬ್ಬೊಬ್ಬರ ಬಗ್ಗೆ ನಾಲ್ಕು ಸಾಲು ಬರೆದುಕೊಡಬೇಕಂತೆ. ಗಣ್ಯರು ಯಾರೆಂದು ಅವರೇ ಆರಿಸಿಟ್ಟಿದ್ದಾರೆ: ಒಬ್ಬ ಜನರಲ್, ಒಬ್ಬ ಗಾಯಕ, ಒಬ್ಬ ಚದುರಂಗದಾಟಗಾರ, ಪಾಚಿಯ ಮೇಲೆ ದಪ್ಪ ಪುಸ್ತಕ ಬರೆದ ಒಬ್ಬ ಪಂಡಿತ. ನಾಲ್ವರಲ್ಲಿ ಒಬ್ಬನೂ ನಮ್ಮ ಪಿನೇಗಾ ಹೊಳೆಯ ನೀರು ಕುಡಿದವನಲ್ಲ. ಹೆಸರು ಒಂದಾದ ಮಾತ್ರಕ್ಕೆ ನೆಂಟಸ್ತಿಕೆ ಬೆಳೆದುಬಿಡುತ್ತದೆಯೇ? ಕೇಳಿದ್ದಾರೆ, ಬರೆದು ಬಿಸಾಕುತ್ತೇನೆ. ಆದರೆ ನಾನು ಕಣ್ಣಾರೆ ಕಂಡ ಗಣ್ಯ ತೊಮಿಲೋವಾ ಒಬ್ಬಳೇ, ಟಪಾಲಿನ ಫಾಯಿನಾ ಎಗೊರೊವ್ನಾ. ಅವಳ ಬಗ್ಗೆ ಬರೆ ಎಂದು ಯಾರೂ ಹೇಳಿಲ್ಲ. ಅದಕ್ಕೇ ಮೊದಲು ಇದನ್ನು ಬರೆಯುತ್ತಿದ್ದೇನೆ.

ನಾನು ಈ ಊರಿಗೆ ಬಂದದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಇಪ್ಪತ್ತೆರಡರ ಹುಡುಗಿಯಾಗಿ. ಮೊದಲ ದಿನ ಹಾಜರಿ ಪುಸ್ತಕ ತೆರೆದು "ತೊಮಿಲೋವ್" ಎಂದು ಕರೆದೆ. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೇಳು ಮಕ್ಕಳು ಎದ್ದು ನಿಂತವು. ಕುಚೋದ್ಯ ಮಾಡುತ್ತಿದ್ದಾರೆಂದು ಸಿಟ್ಟಾಗಿ ಅಷ್ಟೂ ಮಕ್ಕಳನ್ನು ಹತ್ತು ನಿಮಿಷ ನಿಲ್ಲಿಸಿದೆ. ಪಾಪ, ಅವು ತಮ್ಮ ತಮ್ಮ ಹೆಸರಿಗೇ ಎದ್ದು ನಿಂತಿದ್ದವು. ತೊಮಿಲೋವ್, ಹೆಂಗಸರಿಗೆ ತೊಮಿಲೋವಾ, ಎಂದರೆ ಹಳೆಯ ಮಾತಿನಲ್ಲಿ 'ಬಳಲಿಸುವವನು' ಎಂದು ಅರ್ಥ. ಎರಡು ವರ್ಷದ ಮೇಲೆ ಊರಿನ ತೊಮಿಲೋವ್‌ಗಳಲ್ಲೇ ಒಬ್ಬನನ್ನು ಕಟ್ಟಿಕೊಂಡು, ಹಿಂದಿನವರು ಸುಮ್ಮಸುಮ್ಮನೆ ಹೆಸರಿಡುವುದಿಲ್ಲ ಎಂದು ತಿಳಿದುಕೊಂಡೆ.

ಮನೆತನದ ಹೆಸರು ಒಂದೇ ಆದರೆ ಹೋಗಲಿ, ಇಟ್ಟ ಹೆಸರುಗಳೂ ಅಪ್ಪಂದಿರ ಹೆಸರುಗಳೂ ಅವೇ ಅವೇ. ಪಾವೆಲ್ ಇವಾನೊವಿಚ್ ತೊಮಿಲೋವ್ ಎನ್ನುವವರೇ ಐದು ಜನ. ಹಾಗಾಗಿ ಪ್ರತಿ ಮನೆಗೂ ಒಂದು ಕೇರಿಹೆಸರು ಇತ್ತು. ನನ್ನ ಗಂಡನ ಮನೆಯವರು 'ಅಂಬಲಿ'. ಫಾಯಿನಾಳ ಮನೆಯವರು 'ಮೂಗರು'. ಅವಳ ತಾತ ಹೆಂಡತಿಯ ಮೇಲೆ ಮುನಿದು ಆರು ವರ್ಷ ಮಾತಾಡಿರಲಿಲ್ಲವಂತೆ, ಅವನು ಆಡದೆ ಉಳಿಸಿದ್ದನ್ನೆಲ್ಲ ಮೊಮ್ಮಗಳು ಆಡಿ ತೀರಿಸಿದಳು. ಒಂದು ಮಾತ್ರ ಕಟ್ಟುನಿಟ್ಟು: ಕೇರಿಹೆಸರು ಬೆನ್ನ ಹಿಂದೆ ಆಡುವುದಕ್ಕೆ. ಎದುರಿಗೆ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸಿ ಮರ್ಯಾದೆಯಿಂದ ಕರೆಯಬೇಕು. ಎದುರಿಗೆ ಅಂದವನ ಹಲ್ಲು ಉಳಿಯುತ್ತಿರಲಿಲ್ಲ. ಇನ್ನು ಕಾಗದದ ಮೇಲೆ ಬರೆಯುವುದಂತೂ ಯಾರ ಕನಸಿನಲ್ಲೂ ಇರಲಿಲ್ಲ.

ಇಂಥ ಊರಿನಲ್ಲಿ ಫಾಯಿನಾ ಮೂವತ್ತೊಂದು ವರ್ಷ ಟಪಾಲು ಹಂಚಿದಳು. ಕುಳ್ಳಗೆ ಅಗಲವಾಗಿದ್ದಳು, ವರ್ಷವಿಡೀ ಗಂಡಸರ ಕೋಟು, ಚೀಲ ಹೊತ್ತು ಹೊತ್ತು ಎಡ ಭುಜ ಒಂದು ಬೆರಳು ಇಳಿದುಹೋಗಿತ್ತು. ಐದು ಪಾವೆಲ್ ಇವಾನೊವಿಚ್‌ಗಳ ಕಾಗದವನ್ನು ಅವಳು ಕೈಬರಹ ನೋಡಿ, ಊರ ಮುದ್ರೆ ನೋಡಿ, ಅದರಲ್ಲೂ ತಿಳಿಯದಿದ್ದರೆ ಮೂಸಿ ನೋಡಿ ಬೇರೆ ಮಾಡುತ್ತಿದ್ದಳು. "ಸೆಂಟಿನ ವಾಸ್ನೆ ಬಂದ್ರೆ ಮದ್ವೆ ಆಗದೋನಿಗೆ. ಮೀನಿನ ವಾಸ್ನೆ ಬಂದ್ರೆ ಅಳಿಯ ಹಡಗಲ್ಲಿರೋನಿಗೆ. ಇದ್ರಲ್ಲೇನಿದೆ ರಿಮ್ಮಾ ಲ್ವೊವ್ನಾ, ನೀನು ಮಕ್ಳ ಕಾಪಿ ಪುಸ್ತಕ ಗುರುತು ಹಿಡಿಯಲ್ವಾ?" ಎನ್ನುತ್ತಿದ್ದಳು. ಕಣ್ಣು ಕಾಣದ ಮುದುಕಿಯರಿಗೆ ತಾನೇ ಓದಿ ಹೇಳುತ್ತಿದ್ದಳು. ಓದುವಾಗ ಕೈಯಿಂದ ಒಂದಿಷ್ಟು ಸೇರಿಸುತ್ತಿದ್ದಳು ಎಂಬುದು ನನಗೆ ಗೊತ್ತು. ಒಬ್ಬ ಮಗ ಬರೀ 'ಎಣ್ಣೆ ಡಬ್ಬಿ ಕಳಿಸು' ಎಂದು ಬರೆದಿದ್ದನ್ನು ಅವಳು 'ನನ್ನ ಬಂಗಾರದ ಅಮ್ಮಾ, ನಿನ್ನ ಕೈಯೂಟ ನೆನಪಾಗಿ ಕಣ್ಣಲ್ಲಿ ನೀರು ಬರುತ್ತದೆ' ಎಂದು ಓದಿದಳು. ಟಪಾಲು ಇಲಾಖೆಯ ಕಾನೂನಿಗೆ ಇದು ಅಪರಾಧವಿರಬಹುದು. ನನ್ನ ಕಾನೂನಿಗೆ ಅಲ್ಲ.

ಆ ಮೂವತ್ತೊಂದು ವರ್ಷದಲ್ಲಿ ಅವಳು ತಪ್ಪಿದ್ದು ಒಂದೇ ಸಲ.

ಊರಿನಲ್ಲಿ ಮಾರ್ಫಾ ಸ್ತೆಪಾನೊವ್ನಾ ತೊಮಿಲೋವಾ ಎಂಬವರು ಇಬ್ಬರಿದ್ದರು. ಇಬ್ಬರ ಗಂಡಂದಿರೂ ಇವಾನ್‌ಗಳು, ಇಬ್ಬರೂ ಸತ್ತಿದ್ದರು. ಇಬ್ಬರಿಗೂ ಐವತ್ತೈದನೆಯ ಇಸವಿಯಲ್ಲಿ ಹುಟ್ಟಿದ ಒಬ್ಬೊಬ್ಬ ಮಗ, ಆ ಇಬ್ಬರು ಹುಡುಗರ ಹೆಸರೂ ಗೆನ್ನಾದಿ. ಇಬ್ಬರೂ ಹುಡುಗರು ಬೆಳೆದು ಒಂದೇ ಕಾಡಿಗೆ ಮರ ಕಡಿಯಲು ಹೋದರು. ಮೇಲಿನಕೇರಿ ಮಾರ್ಫಾಳ ಮಗ ವಾರಕ್ಕೊಂದು ಕಾಗದ ಹಾಕುತ್ತಿದ್ದ. ಕೆಳಕೇರಿ ಮಾರ್ಫಾಳ ಮಗ ಎಂಟು ವರ್ಷದಲ್ಲಿ ಎರಡು ಕಾರ್ಡು ಹಾಕಿದ್ದ.

ಕೆಳಕೇರಿಯ ಆ ಮನೆಯ ಕೇರಿಹೆಸರು 'ತಿಗಣೆ'. ತ್ಸಾರ್ ದೊರೆಯ ಕಾಲದಲ್ಲಿ ಯಾರೋ ಅರಣ್ಯದ ಅಧಿಕಾರಿ ಅವರ ಮನೆಯಲ್ಲಿ ತಂಗಿದ್ದವನು ಬೆಳಿಗ್ಗೆ ಮೈ ಕೆರೆದುಕೊಳ್ಳುತ್ತ ಹೊರಟನಂತೆ. ಅಷ್ಟೇ ಕಥೆ. ಮೂರು ತಲೆಮಾರಿಗೆ ಅದೇ ಅಂಟಿಕೊಂಡಿತು. ಸೊಸೆಯಾಗಿ ಬಂದ ಮಾರ್ಫಾ ಆ ಹೆಸರನ್ನು ತಿಕ್ಕಿ ತೊಳೆದೇ ಹಾಕುತ್ತೇನೆಂದು ಹೊರಟವಳು. ಶನಿವಾರ ಶನಿವಾರ ಕಲ್ಲುಪುಡಿ ಹಾಕಿ, ಬರ್ಚ್ ಕಡ್ಡಿಯ ಪೊರಕೆಯಿಂದ ಹಲಗೆಯ ನೆಲವನ್ನು ಬೆಣ್ಣೆಬಣ್ಣ ಬರುವವರೆಗೆ ಉಜ್ಜುತ್ತಿದ್ದಳು. ವಸಂತಕ್ಕೊಮ್ಮೆ ಶರತ್ತಿಗೊಮ್ಮೆ ಮಂಚವನ್ನು ಅಂಗಳಕ್ಕೆ ಎಳೆದು ಕುದಿನೀರು ಹೊಯ್ಯುತ್ತಿದ್ದಳು. "ಇವೆ, ಅದಕ್ಕೇ ಹೊಯ್ತಾಳೆ" ಎಂದು ಕೇರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿತು. ಲೋಕದ ಬಾಯಿಗೆ ಮೂಕುಡಿ ಮುಚ್ಚುವುದು ಯಾರಿಂದಾದೀತು?

ಅವಳ ಗೆನ್ನಾದಿ, ಎಲ್ಲರ ಬಾಯಲ್ಲಿ ಗೆನಾ, ನನ್ನ ವಿದ್ಯಾರ್ಥಿ. ಶಾಲೆಯ ಹಿಂದೆ ತಿಂಗಳಿಗೆ ಎರಡು ಬಾರಿಯಾದರೂ ಮೂಗಿನಲ್ಲಿ ರಕ್ತ ಸುರಿಸಿಕೊಂಡು ನಿಂತಿರುತ್ತಿದ್ದ, ಎದುರಿಗೇ 'ತಿಗಣೆ' ಎಂದ ದೊಡ್ಡ ಹುಡುಗರ ಮೇಲೆ ಬಿದ್ದು. ದೊಡ್ಡವರ ಕಟ್ಟುನಿಟ್ಟು ಮಕ್ಕಳಿಗೆಲ್ಲಿ? ಬಡವನ ಸಿಟ್ಟು ದವಡೆಗೆ ಮೂಲ. ನಾನೇನು ಮಾಡಿದೆ? ಹೊಡೆದಾಡಿದ್ದಕ್ಕೆ ಅವನನ್ನೇ ಮೂಲೆಗೆ ನಿಲ್ಲಿಸಿದೆ. ಹೆಸರಿಟ್ಟು ಕರೆದವರನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಇವತ್ತಿಗೂ ನನಗೆ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಹದಿನಾರಕ್ಕೆ ಅವನು ಊರು ಬಿಟ್ಟ. ದೋಣಿ ಹತ್ತುವಾಗ ಕಡವಿನಲ್ಲಿ ನಿಂತವರೆಲ್ಲ ಕೇಳುವಂತೆ ತಾಯಿಗೆ ಹೇಳಿದ: "ಇನ್ಮೇಲೆ ನಾನು ಯಾರ ಪೈಕಿನೂ ಅಲ್ಲ. ಯಾರಾದ್ರೂ ಕೇಳಿದ್ರೆ ಅನಾಥ ಅಂತೀನಿ." ಮಾರ್ಫಾ ಅವನ ಕೈಗೆ ಬುತ್ತಿ ಕೊಟ್ಟಳು. ಅವನು ಅದನ್ನು ತೆಗೆದುಕೊಂಡ, ಅದೊಂದೇ ಸಮಾಧಾನ.

ಎಪ್ಪತ್ತೊಂಬತ್ತರ ಏಪ್ರಿಲ್ ಕೊನೆಯ ವಾರ. ಹೊಳೆಯ ಮಂಜುಗಡ್ಡೆ ನೀಲಿ ತಿರುಗಿ ಮೇಲೆ ಮೊಣಕಾಲುದ್ದ ನೀರು ನಿಂತಿತ್ತು. ಚಳಿಗಾಲವಿಡೀ ಗಡ್ಡೆಯ ಮೇಲೆ ಓಡಾಡುತ್ತಿದ್ದ ಕುದುರೆಗಾಡಿ ನಿಂತು ವಾರವಾಗಿತ್ತು. ದಾಟಬಾರದು ಎಂಬ ಹಲಗೆಯನ್ನೂ ನೆಟ್ಟಿದ್ದರು. ಇವತ್ತೋ ನಾಳೆಯೋ ಗಡ್ಡೆ ಒಡೆದರೆ ದೋಣಿ ಬಿಡುವವರೆಗೆ ಹತ್ತು ಹನ್ನೆರಡು ದಿನ ಆಚೆ ದಡಕ್ಕೂ ನಮಗೂ ಸಂಬಂಧವಿಲ್ಲ. ರಸ್ತೆ, ಬಸ್ಸು, ವಿಮಾನ ಎಲ್ಲ ಇರುವುದು ಆಚೆ ದಡದಲ್ಲಿ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ತಂತಿ ಬಂತು. ಫಾಯಿನಾ ಪೆನ್ಸಿಲಿನಲ್ಲಿ ಬರೆದುಕೊಂಡಳು: 'ತೊಮಿಲೋವಾ ಮಾರ್ಫಾ ಸ್ತೆಪಾನೊವ್ನಾ. ಮಗ ಗೆನ್ನಾದಿ ಮರ ಬಿದ್ದು ಗಾಯ. ಸ್ಥಿತಿ ಗಂಭೀರ. ಕೂಡಲೇ ಬನ್ನಿ.' ಕೆಳಗೆ ಅರ್ಖಾಂಗೆಲ್ಸ್ಕ್‌ನ ಒಂದು ಆಸ್ಪತ್ರೆಯ ಹೆಸರು. ಅವಳು ಹಿಂದೆಮುಂದೆ ನೋಡದೆ ಮೇಲಿನಕೇರಿಗೆ ಓಡಿ ಅಲ್ಲಿಯ ಮಾರ್ಫಾಳ ಕೈಗೆ ಕೊಟ್ಟಳು. ಆ ತಾಯಿ ಒಂದು ಸಲ ಕೂಗಿಕೊಂಡು, ಆಮೇಲೆ ಬಾಯಿ ಮುಚ್ಚಿ ಗಂಟು ಕಟ್ಟತೊಡಗಿದಳು.

ವಾಪಸು ಬರುತ್ತ ಫಾಯಿನಾ ಕೆಳಕೇರಿಯ ದಾರಿ ಹಿಡಿದಳು. ತಿಗಣೆ ಮನೆಯ ಅಂಗಳದಲ್ಲಿ ಮಾರ್ಫಾ ಕಬ್ಬಿಣದ ಮಂಚ ಹೊರಗೆಳೆದು ಕುದಿನೀರು ಹೊಯ್ಯುತ್ತಿದ್ದಳು. ಟಪಾಲಿನವಳನ್ನು ಕಂಡು ತಲೆಯೆತ್ತಿ, ಮತ್ತೆ ತಗ್ಗಿಸಿ ತನ್ನ ಕೆಲಸ ಮುಂದುವರಿಸಿದಳು. ಏನಾದರೂ ಇದೆಯಾ ಎಂದು ಕೇಳುವುದನ್ನು ಅವಳು ಬಿಟ್ಟು ವರ್ಷಗಳಾಗಿದ್ದವು. ಫಾಯಿನಾ ಅಲ್ಲೇ ನಿಂತುಬಿಟ್ಟಳು. ಇವಳಿಗೂ ಒಬ್ಬ ಗೆನ್ನಾದಿ ಇದ್ದಾನೆ ಎಂಬುದು ಅವಳಿಗೆ ನೆನಪೇ ಬಂದಿರಲಿಲ್ಲ.

ಟಪಾಲು ಕಚೇರಿ ಇದ್ದದ್ದು ನಮ್ಮ ಶಾಲೆಯ ಕಟ್ಟಡದ ಇನ್ನರ್ಧದಲ್ಲಿ, ನಡುವೆ ಒಂದು ಹಲಗೆಯ ಗೋಡೆ. ನಾನು ಮೂರನೆಯ ತರಗತಿಗೆ ಭಾಗಾಕಾರ ಹೇಳುತ್ತಿದ್ದೆ. ಫಾಯಿನಾ ಬಾಗಿಲು ತಳ್ಳಿಕೊಂಡು ಬಂದು, ಮಕ್ಕಳಿದ್ದಾರೆ ಎಂಬ ಪರಿವೆಯಿಲ್ಲದೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

"ಇಬ್ರಿಗೂ ಹೇಳ್ಬಿಡೆ," ಎಂದೆ.

"ಹೇಳ್ಬಿಟ್ಟು ಇಬ್ರನ್ನೂ ಆ ಗಡ್ಡೆ ಮೇಲೆ ನಡೆಸ್ಲಾ? ಮಗ ನೆಟ್ಟಗಿರೋಳು ಸುಮ್ಸುಮ್ನೆ ಹೊಳೆ ಪಾಲಾದ್ರೆ ಯಾರೇ ಜವಾಬ್ದಾರಿ? ನಾನು ಕೇಳ್ತೀನಿ, ಅವ್ನನ್ನೇ ಕೇಳ್ತೀನಿ."

ಮೂರು ಊರಿನ ಎಕ್ಸ್‌ಚೇಂಜ್ ದಾಟಿ ಆಸ್ಪತ್ರೆ ಸಿಕ್ಕಿತು. ಅವಳ ಕೂಗಿಗೆ ಫೋನೇ ಬೇಕಿರಲಿಲ್ಲ, ಕಿಟಕಿ ತೆಗೆದಿದ್ದರೂ ಸಾಕಿತ್ತು. "ತೊಮಿಲೋವ್ ಗೆನ್ನಾದಿ! ಅಪ್ಪನ ಹೆಸ್ರು ಹೇಳಮ್ಮ! ಇವಾನಾ? ಅಯ್ಯೋ, ಇಬ್ರಿಗೂ ಇವಾನೇ! ಹುಟ್ಟಿದ್ದು? ಐವತ್ತೈದಾ? ಇಬ್ರೂ ಐವತ್ತೈದೇ ಕಣೇ! ನೋಡೋಕೆ ಹೆಂಗಿದಾನೆ? ತಲೆ ಬೋಳಿಸಿದೀರಾ? ಕಣ್ಣು ನೀಲಿ ಅಂತ ಹೇಳ್ಬೇಡ, ಇಡೀ ಊರಿಗೇ ನೀಲಿ! ಎಚ್ಚರ ಇದೆಯಾ ಅವ್ನಿಗೆ? ಇದೆಯಾ? ಹಂಗಾದ್ರೆ ಹೋಗಿ ಒಂದು ಮಾತು ಕೇಳು ಮಗಳೇ. ನೀನು ಯಾರ ಪೈಕಿ ಅಂತ ಕೇಳು."

ನರ್ಸಿನ ದನಿ ಫೋನಿನೊಳಗೆ ತಗಡಿನಂತೆ ಕಿರುಗುಟ್ಟಿತು. ಗೋಡೆಯ ಈಚೆಗೂ ಕೇಳುತ್ತಿತ್ತು. "ಗುರುತಿಗೆ ಪಾಸ್‌ಪೋರ್ಟ್ ಇದೆಯಲ್ರೀ, ಇನ್ನೇನು ಬೇಕು ನಿಮ್ಗೆ?"

"ಪಾಸ್‌ಪೋರ್ಟು ನಮ್ಮೂರಲ್ಲಿ ಕೆಲ್ಸಕ್ಕೆ ಬರಲ್ಲ. 'ಎಗೊರೊವ್ನಾ ಕೇಳ್ತಿದಾಳೆ, ನೀನು ಯಾರ ಪೈಕಿ' ಅನ್ನು. ಅಷ್ಟೇ. ಓಡು ನನ್ನವ್ವ."

ಕಾದೆವು. ನನ್ನ ತರಗತಿಯ ಮಕ್ಕಳು ಪೆನ್ನು ಕೆಳಗಿಟ್ಟು ಗೋಡೆಯನ್ನೇ ನೋಡುತ್ತಿದ್ದವು. ಕೊನೆಗೆ ಆ ಹುಡುಗಿ ವಾಪಸು ಬಂದು ಸಿಡಿದಳು: "ಏನೂ ಉಪಯೋಗ ಇಲ್ಲ, ಜ್ವರದಲ್ಲಿ ಬಡಬಡಿಸ್ತಿದಾನೆ. ತಿಗಣೆ ಅಂತಾನೆ. ಎರಡು ಸಲ ಕೇಳ್ದೆ, ಎರಡು ಸಲಾನೂ 'ತಿಗಣೆ ಪೈಕಿ' ಅಂದ. ನೋಡಿ, ನಮ್ಮ ವಾರ್ಡಲ್ಲಿ ತಿಗಣೆ ಗಿಗಣೆ ಏನೂ ಇಲ್ಲ, ಬೇಕಾದ್ರೆ ಬಂದು ನೋಡ್ಕೊಳ್ಳಿ!"

"ಬಡಬಡಿಸ್ತಿಲ್ಲ ಮಗಳೇ," ಎಂದಳು ಫಾಯಿನಾ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. "ಸರಿಯಾಗೇ ಹೇಳಿದಾನೆ. ಅಮ್ಮ ಹೊರಟ್ಳು ಅನ್ನು ಅವ್ನಿಗೆ."

ಮಕ್ಕಳಲ್ಲಿ ಒಂದೂ ನಗಲಿಲ್ಲ. ನಾನು ಕರಿಹಲಗೆಯ ಕಡೆ ತಿರುಗಿ ಅತ್ತೆ. ಆಮೇಲೆ ಮಕ್ಕಳನ್ನು ಮನೆಗೆ ಬಿಟ್ಟು ಅವಳ ಹಿಂದೆ ಓಡಿದೆ. "ನೀನೂ ಬಾರೆ, ನನ್ನೊಬ್ಳ ಕೈಲಾಗಲ್ಲ," ಎಂದಿದ್ದಳು.

ಮಾರ್ಫಾ ಮಂಚ ಒಣಗಲು ಬಿಟ್ಟು ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು. ಫಾಯಿನಾ ಸುದ್ದಿ ಹೇಳಿದಳು. ಮಾರ್ಫಾ ಗಂಟು ಕಟ್ಟಲು ಒಳಗೆ ಓಡಲಿಲ್ಲ.

"ನನ್ನವ್ನಲ್ಲ ಬಿಡು," ಎಂದಳು. "ಮೇಲಿನಕೇರಿಯೋನು ಇರ್ಬೇಕು. ನನ್ನವ್ನು ನನ್ನನ್ನ ಕರೆಯಲ್ಲ. ಅವ್ನಿಗೆ ತಾಯಿ ಇಲ್ಲ."

"ನಿನ್ನವ್ನೇ, ಸ್ತೆಪಾನೊವ್ನಾ."

"ಹೆಂಗ್ ಗೊತ್ತು ನಿಂಗೆ?"

ಹೇಳಬೇಕೆಂದರೆ ಕೇರಿಹೆಸರನ್ನು ಅವಳ ಎದುರಿಗೇ ಆಡಬೇಕು. ಮೂವತ್ತು ವರ್ಷ ಈ ಹೆಂಗಸಿನ ಎದುರು ಯಾರೂ ಆಡದ ಮಾತು ಅದು. ಫಾಯಿನಾ ನನ್ನ ಕಡೆ ನೋಡಿದಳು. ನಾನು ಹೇಡಿ, ನೆಲ ನೋಡಿದೆ. ಅವಳು ತಲೆಯ ವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ನಿಂತು ಹೇಳಿದಳು: "ನೀನು ಯಾರ ಪೈಕಿ ಅಂತ ಕೇಳಿಸ್ದೆ. ತಿಗಣೆ ಪೈಕಿ ಅಂದ. ನನ್ನನ್ನ ಕ್ಷಮಿಸ್ಬಿಡು ತಾಯಿ."

ಮಾರ್ಫಾ ಅವಳ ತೋಳು ಹಿಡಿದಳು.

"ಅವ್ನೇ ಅಂದ್ನಾ? ಅವ್ನ ಬಾಯಿಂದ?"

"ಅವ್ನ ಬಾಯಿಂದ. ಎರಡು ಸಲ."

"ಹಂಗಾದ್ರೆ ನನ್ನನ್ನೇ ಕರೀತಿದಾನೆ," ಎಂದವಳೇ ಮಾರ್ಫಾ ಬಾಗಿಲು ಕೂಡ ಎಳೆದುಕೊಳ್ಳದೆ ಉಟ್ಟ ಬಟ್ಟೆಯಲ್ಲೇ ಹೊಳೆಯ ಕಡೆ ಹೊರಟಳು.

ದಡದಲ್ಲಿ ಮೇಲಿನಕೇರಿ ಮಾರ್ಫಾ ಆಗಲೇ ಗಂಟು ಬೆನ್ನಿಗೆ ಕಟ್ಟಿಕೊಂಡು ಗಡ್ಡೆಗೆ ಒಂದು ಕಾಲು ಇಟ್ಟಿದ್ದಳು. ಫಾಯಿನಾ ದೂರದಿಂದಲೇ ಕೂಗಿದಳು: "ನಿಲ್ಲೇ! ನಿನ್ನ ಮಗ ನೆಟ್ಟಗಿದಾನೆ! ತಪ್ಪು ನಂದು!" ಆ ಹೆಂಗಸು ಹಿಂದೆ ಬಂದು, ಮೊದಲು ಫಾಯಿನಾಳ ಕೆನ್ನೆಗೆ ಒಂದು ಬಿಗಿದಳು. ಆಮೇಲೆ ಅವಳನ್ನೇ ತಬ್ಬಿಕೊಂಡು ಅತ್ತಳು. ಅಳು ಮುಗಿದ ಮೇಲೆ ದಡದ ಮೇಲೆ ಕೂತು ತನ್ನ ಉದ್ದನೆಯ ರಬ್ಬರ್ ಬೂಟು ಕಳಚಿ ಇನ್ನೊಬ್ಬ ಮಾರ್ಫಾಳ ಮುಂದೆ ಇಟ್ಟಳು. "ಹಾಕ್ಕೊ. ಆ ಉಣ್ಣೆಯ ನಮ್ದಾ ಬೂಟಲ್ಲಿ ನಾಲ್ಕು ಹೆಜ್ಜೆ ಹೋಗಲ್ಲ ನೀನು. ಗಂಟಲ್ಲಿ ಶಾಂಗಿ ರೊಟ್ಟಿ ಇದೆ, ಮೊರೋಶ್ಕಾ ಹಣ್ಣಿನ ಜಾಡಿ ಇದೆ. ಗೆನಾನಿಗೆ ಅಂತ ಕಟ್ಟಿದ್ದು. ಗೆನಾನಿಗೇ ಹೋಗ್ಲಿ." ತಾನು ಬರಿಗಾಲಿಗೆ ಅವಳ ನಮ್ದಾ ಬೂಟು ಏರಿಸಿಕೊಂಡಳು.

ನಾನು ಫಾಯಿನಾಳ ತೋಳು ಹಿಡಿದೆ. "ನೀನ್ಯಾಕೆ ಹೋಗ್ತಿ? ಗಂಡಸರನ್ನ ಯಾರನ್ನಾದ್ರೂ ಕರೀತೀನಿ ಇರು."

"ಗಂಡಸ್ರು ಬಂದು ಯೋಚ್ನೆ ಮಾಡೋದ್ರಲ್ಲಿ ಹೊಳೆ ಹರ್ದುಹೋಗಿರತ್ತೆ. ತಂತಿನ ಕೈಗೆ ಮುಟ್ಟಿಸ್ಬೇಕು ಅಂತ ಇಲಾಖೆ ನಿಯಮ. ಮುಟ್ಟಿಸ್ತಿದೀನಿ, ಬಿಡು."

ಅವಳೂ ಕೆಳಕೇರಿ ಮಾರ್ಫಾಳೂ ಕೈಯಲ್ಲಿ ಒಂದೊಂದು ಉದ್ದ ಗಳು ಹಿಡಿದು, ನಡುವೆ ಒಂದು ಹಲಗೆ ಎಳೆದುಕೊಂಡು ಹೊರಟರು. ಗಡ್ಡೆಯ ಮೇಲಿನ ನೀರು ಅವರ ಬೂಟಿನ ಅಂಚು ಮುಟ್ಟುತ್ತಿತ್ತು. ಫಾಯಿನಾ ಮುಂದೆ, ಗಳುವಿನಿಂದ ಕುಟ್ಟಿ ಕುಟ್ಟಿ ನೋಡುತ್ತ. ನಡುಹೊಳೆಯಲ್ಲಿ ಅವಳ ಒಂದು ಕಾಲು ಸೊಂಟದವರೆಗೆ ಇಳಿದುಹೋಯಿತು. ಗಳು ಅಡ್ಡ ಸಿಕ್ಕಿತು, ಮಾರ್ಫಾ ಹಲಗೆಯ ಮೇಲೆ ಮಲಗಿ ಕೋಟಿನ ಕುತ್ತಿಗೆ ಹಿಡಿದು ಎಳೆದಳು. ದಡದಲ್ಲಿ ನಿಂತ ನಮಗೆ ಉಸಿರು ಬಂದದ್ದು ಅವರಿಬ್ಬರೂ ಆಚೆಯ ಏರು ಹತ್ತಿ ಎರಡು ಚುಕ್ಕೆಗಳಾದ ಮೇಲೆ. ಅವತ್ತು ಮಧ್ಯಾಹ್ನ ಮೂರಕ್ಕೆ ಗುಂಡು ಹಾರಿದಂಥ ಸದ್ದು ಬಂತು. ಹೊಳೆಯ ಗಡ್ಡೆ ಒಡೆದಿತ್ತು.

ಫಾಯಿನಾ ವಾಪಸು ಬರಲು ಹನ್ನೊಂದು ದಿನ ಹಿಡಿಯಿತು. ಕೆಮ್ಮುತ್ತ ಮೊದಲ ದೋಣಿಯಲ್ಲಿ ಬಂದಿಳಿದು, ಅದೇ ದಿನ ಕೂತು ಜಿಲ್ಲಾ ಟಪಾಲು ಕಚೇರಿಗೆ ತನ್ನ ಮೇಲೆ ತಾನೇ ದೂರು ಬರೆದಳು: ತಂತಿಯನ್ನು ತಪ್ಪು ವಿಳಾಸಕ್ಕೆ ಕೊಟ್ಟೆ. ನನಗೆ ಮೈ ಉರಿಯಿತು.

"ಹುಚ್ಚಿಯೇನೆ ನೀನು? ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ. ಮಾರ್ಫಾ ಸರಿಯಾದ ಹೊತ್ತಿಗೆ ಮುಟ್ಟಿದಾಳೆ, ಹುಡುಗ ಬದುಕಿದಾನೆ. ಇನ್ನೇನು?"

"ಹೆಸ್ರು ಒಂದೇ ಅಂತ ತಪ್ಪಿದ್ರೆ ಬರೀತಿರ್ಲಿಲ್ಲ ಲ್ವೊವ್ನಾ. ಕಾಗದ ಬರದ ಮನೆ ಅಂತ ಮರ್ತಿದ್ದೆ. ದಿನಾ ಅದರ ಮುಂದೆ ನಡ್ಕೊಂಡು ಹೋಗ್ತೀನಿ, ಆದ್ರೂ ನನ್ನ ಮಟ್ಟಿಗೆ ಆ ಮನೇಲಿ ಜನಾನೇ ಇರ್ಲಿಲ್ಲ. ಇದಕ್ಕೆ ಒಂದು ಶಿಕ್ಷೆ ಬೇಡ್ವಾ?"

ಎಚ್ಚರಿಕೆಯ ಪತ್ರ ಬಂತು. ಅದನ್ನೂ ಅವಳೇ ಚೀಲದಲ್ಲಿ ಹೊತ್ತು ತಂದು, ತನ್ನ ಹೆಸರಿನ ಮುಂದೆ ತಾನೇ ಸಹಿ ಹಾಕಿಕೊಂಡಳು. ಅವತ್ತಿನಿಂದ ಕಾಗದವಿರಲಿ ಇಲ್ಲದಿರಲಿ, ಊರಿನ ಒಂದು ಮನೆಯನ್ನೂ ಅವಳು ದಾಟಿಕೊಂಡು ಹೋಗಲಿಲ್ಲ. ಬಾಗಿಲು ತಟ್ಟಿ "ಇವತ್ತೇನಿಲ್ಲ ಕಣಮ್ಮಾ, ನಾಳೆ ನೋಡೋಣ" ಎನ್ನುತ್ತಿದ್ದಳು. ಮಂಡಿ ಹೋದ ಮೇಲೂ, ಇನ್ನೂ ಹದಿಮೂರು ವರ್ಷ. ಜನರಲ್‌ಗಳು ಯುದ್ಧ ಗೆಲ್ಲುತ್ತಾರೆ, ಗೆಲ್ಲಲಿ. ದಿನಾ ತೊಂಬತ್ತು ಬಾಗಿಲು ತಟ್ಟುವ ಜನರಲ್ ಇದ್ದರೆ ನನಗೆ ತೋರಿಸಿ.

ಮಾರ್ಫಾ ಮಗನ ಹಾಸಿಗೆಯ ಪಕ್ಕದಲ್ಲಿ ಏಳು ವಾರ ಇದ್ದು ಜೂನ್ ಮಧ್ಯದಲ್ಲಿ ಒಬ್ಬಳೇ ಬಂದಳು. ಅವನಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬಾಕಿ ಇತ್ತು. ಅವಳು ಬಂದ ಮರುವಾರ ಫಾಯಿನಾ ಶಾಲೆಯ ಕಿಟಕಿಯಿಂದ ನನ್ನನ್ನು ಕರೆದು ಒಂದು ಲಕೋಟೆ ತೋರಿಸಿದಳು. ಪೊದ್ಗೋರ್ಯ ಗ್ರಾಮ, ತೊಮಿಲೋವಾ ಮಾರ್ಫಾ ಸ್ತೆಪಾನೊವ್ನಾ ಅವರಿಗೆ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಅದರ ಕೆಳಗೆ, ಯಾರ ಕಣ್ಣಿಗೂ ತಪ್ಪಬಾರದೆಂದು ಗೆರೆ ಎಳೆದು, ಇನ್ನೊಂದು ಸಾಲು: 'ತಿಗಣೆ ಮನೆ'. ಆ ಕೈಬರಹ ನನಗೆ ಗೊತ್ತಿತ್ತು, ನಾನೇ ಕಲಿಸಿದ್ದು.

ಫಾಯಿನಾ ಅದನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೋಗಿ ಕೊಟ್ಟಳು. ಮಾರ್ಫಾ ಕಾಗದ ಹೊರತೆಗೆದು ಓದಿ ಎದೆಯೊಳಗೆ ಇಟ್ಟುಕೊಂಡಳು. ಖಾಲಿ ಲಕೋಟೆಯನ್ನು ಬೀದಿಯ ಕಡೆಯ ಕಿಟಕಿಯ ಗಾಜಿಗೆ, ವಿಳಾಸ ಹೊರಗೆ ಕಾಣುವಂತೆ ಅಂಟಿಸಿದಳು.